ಕಾಸರಗೋಡಿನ ಹಳಿ ಪಕ್ಕ ರೈಲಿನ ಫೋಟೊ: ಬಿಸಿಲು, ಕಂಬ, ತಂತಿ ನೋಡಿ ನಿಲ್ಲುವ ಕ್ರಮ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ರೈಲು ಇಷ್ಟಪಡುವ ಹುಡುಗರೂ ದೊಡ್ಡವರೂ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಮೂರೇ. ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ನನ್ನ ಫೋಟೊದಲ್ಲಿ ಎಂಜಿನ್ನಿನ ಮುಖ ಯಾಕೆ ಕಪ್ಪಗೆ ಬರುತ್ತದೆ? ಕರೆಂಟ್ ಕಂಬ ಯಾಕೆ ಯಾವಾಗಲೂ ಅಡ್ಡ ನಿಲ್ಲುತ್ತದೆ?

ಎರಡನೆಯದಕ್ಕೂ ಮೂರನೆಯದಕ್ಕೂ ಉತ್ತರ ಗೊತ್ತಾದರೆ ಮೊದಲನೆಯದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂಬುದು ಫೋಟೊವನ್ನು ಮುಕ್ಕಾಲು ಪಾಲು ತೀರ್ಮಾನಿಸುತ್ತದೆ. ಶೊರ್ನೂರು–ಮಂಗಳೂರು ಮಾರ್ಗದಲ್ಲಿ ಈಗ ಜೋಡಿ ಹಳಿ ಇದೆ, ಮೇಲೆ 25,000 ವೋಲ್ಟಿನ ತಂತಿ ಇದೆ. ಡೀಸೆಲ್ ಕಾಲದಲ್ಲಿ ತೋಟದ ಬೇಲಿ ಬದಿ ಎಲ್ಲಿ ನಿಂತರೂ ಗಾಡಿ ಇಡಿಯಾಗಿ ಕಾಣುತ್ತಿತ್ತು. ಈಗ ಹಾಗಲ್ಲ. ಆದರೆ ತಂತಿ ಬಂದದ್ದರಿಂದ ಫೋಟೊ ಕೆಟ್ಟಿತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಂಬಗಳ ಸಾಲನ್ನು ಸರಿಯಾಗಿ ಬಳಸಿಕೊಂಡರೆ ಚಿತ್ರಕ್ಕೆ ಒಂದು ಲಯ ಬರುತ್ತದೆ.

1. ಸಾಮಾನು: ಇರುವುದರಿಂದಲೇ ಶುರು ಮಾಡಿ

ಫೋನ್ ಇದ್ದರೆ ಸಾಕು. ಅದರಲ್ಲಿ ಪ್ರೊ ಮೋಡ್ ಇದೆಯೇ ನೋಡಿ. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನೀವೇ ಹೇಳಲು ಬಿಡುವ ವಿಧಾನ ಅದು. ಕ್ಯಾಮೆರಾ ಕೊಳ್ಳಲೇಬೇಕೆಂದಿದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್, ಅದರ ಜೊತೆಗೆ ಬರುವ 18–55 ಎಂಎಂ ಲೆನ್ಸು, ಆಮೇಲೆ ಬೇಕೆನಿಸಿದರೆ 55–200 ಅಥವಾ 55–250 ಎಂಎಂ ಜೂಮು. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಮೊದಲ ವರ್ಷ ಇದಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ.

ಟ್ರೈಪಾಡ್ ಬೇಡ. ಏಣಿ ಬೇಡವೇ ಬೇಡ. ಏಣಿ ಯಾಕೆ ಬೇಡ ಅಂತ ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ.

2. ಹಳಿಯ ದಿಕ್ಕು ಮತ್ತು ಬಿಸಿಲಿನ ಲೆಕ್ಕ

ಈ ಹಂತಕ್ಕೆ ಸ್ವಲ್ಪ ಹೊತ್ತು ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಜಿಲ್ಲೆಯಲ್ಲಿ ಹಳಿ ನೇರ ಉತ್ತರ–ದಕ್ಷಿಣವಾಗಿ ಹೋಗುವುದಿಲ್ಲ. ಕರಾವಳಿಯ ಜೊತೆ ಸ್ವಲ್ಪ ಓರೆಯಾಗಿ ಹೋಗುತ್ತದೆ. ಮಂಗಳೂರಿನ ಕಡೆ ಹೋಗುವ ಗಾಡಿಯ ಮುಖ ಉತ್ತರದಿಂದ ಒಂದಿಷ್ಟು ಪಶ್ಚಿಮಕ್ಕೆ ತಿರುಗಿರುತ್ತದೆ. ಕಣ್ಣೂರಿನ ಕಡೆ ಹೋಗುವ ಗಾಡಿಯ ಮುಖ ದಕ್ಷಿಣದಿಂದ ಒಂದಿಷ್ಟು ಪೂರ್ವಕ್ಕೆ ತಿರುಗಿರುತ್ತದೆ. ಓರೆ ಸುಮಾರು 20ರಿಂದ 30 ಡಿಗ್ರಿ. ಇಷ್ಟೇ ಓರೆಯಿಂದ ಎಲ್ಲ ಬದಲಾಗುತ್ತದೆ.

ಬೆಳಗ್ಗೆ ಸೂರ್ಯ ಗುಡ್ಡದ ಕಡೆ, ಅಂದರೆ ಪೂರ್ವದಲ್ಲಿ. ಆಗ ಬಿಸಿಲು ಬೀಳುವುದು ಕಣ್ಣೂರಿನತ್ತ ಹೋಗುವ ಗಾಡಿಯ ಮುಖಕ್ಕೆ. ಸಂಜೆ ಸೂರ್ಯ ಕಡಲ ಕಡೆ. ಆಗ ಬೆಳಕು ಸಿಗುವುದು ಮಂಗಳೂರಿನತ್ತ ಹೋಗುವ ಗಾಡಿಯ ಮುಖಕ್ಕೆ. ಬೆಳಗ್ಗೆ ಮಂಗಳೂರಿನ ಕಡೆ ಹೋಗುವ ಗಾಡಿ ತೆಗೆದರೆ ಎಂಜಿನ್ನಿನ ಮುಖ ಕಪ್ಪಗೆ ಬರದೆ ಇನ್ನೇನು ಬರುತ್ತದೆ? ತಪ್ಪು ಕ್ಯಾಮೆರಾದ್ದಲ್ಲ.

ಇದಕ್ಕೆ ಋತುವನ್ನೂ ಸೇರಿಸಿ. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಬೆಳಗ್ಗೆ ದಕ್ಷಿಣಕ್ಕೆ ಹೋಗುವ ಗಾಡಿಗಳಿಗೆ ಸಿಗುವಷ್ಟು ಒಳ್ಳೆಯ ಬೆಳಕು ವರ್ಷದಲ್ಲಿ ಇನ್ಯಾವಾಗಲೂ ಸಿಗುವುದಿಲ್ಲ. ಅದೇ ತಿಂಗಳುಗಳ ಸಂಜೆ ಮಾತ್ರ ನಿರಾಸೆ ತರುತ್ತದೆ. ಬೆಳಕು ಡಬ್ಬಿಗಳ ಬದಿಗೆ ಬೀಳುತ್ತದೆ, ಎಂಜಿನ್ನಿನ ಮುಖವನ್ನು ಸವರಿಕೊಂಡು ಹೋಗುತ್ತದೆ. ಮಾರ್ಚ್ ಕೊನೆಯಿಂದ ಮೇ ವರೆಗೆ ಇದು ತಿರುವುಮುರುವು. ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುವುದರಿಂದ ಸಂಜೆ ಉತ್ತರಕ್ಕೆ ಹೋಗುವ ಗಾಡಿಗಳು ಹೊಳೆಯುತ್ತವೆ. ಚಳಿಗಾಲದಲ್ಲಿ ಬೆಳಗ್ಗೆ ಕಣ್ಣೂರಿನ ಗಾಡಿ, ಬೇಸಿಗೆಯಲ್ಲಿ ಸಂಜೆ ಮಂಗಳೂರಿನ ಗಾಡಿ. ಇಷ್ಟನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳಿ.

ಮಧ್ಯಾಹ್ನ ಹೋಗಬೇಡಿ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಗಾಡಿಯ ಚಾವಣಿ ಬೆಳ್ಳಗೆ, ಬದಿಯೆಲ್ಲ ಕಪ್ಪು. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ನಂತರ. ಇದು ಸಾಮಾನ್ಯ ಲೆಕ್ಕ.

ಇನ್ನೊಂದು ಅನುಕೂಲ ಈ ಮಾರ್ಗದಲ್ಲಿದೆ. ಜೋಡಿ ಹಳಿಯಲ್ಲಿ ನಮ್ಮ ಗಾಡಿಗಳು ಎಡಗಡೆ ಓಡುತ್ತವೆ. ಹಾಗಾಗಿ ಮಂಗಳೂರಿಗೆ ಹೋಗುವ ಗಾಡಿ ಕಡಲ ಬದಿಯ ಹಳಿಯಲ್ಲಿ, ಕಣ್ಣೂರಿಗೆ ಹೋಗುವುದು ಗುಡ್ಡದ ಬದಿಯ ಹಳಿಯಲ್ಲಿ. ಬೆಳಗ್ಗೆ ಗುಡ್ಡದ ಬದಿ ನಿಂತರೆ ನಿಮಗೆ ಬೇಕಾದ ಗಾಡಿ ಹತ್ತಿರದ ಹಳಿಯಲ್ಲೇ ಬರುತ್ತದೆ. ಸಂಜೆ ಕಡಲ ಬದಿ ನಿಂತರೂ ಹಾಗೆಯೇ. ಎದುರಿನ ಗಾಡಿ ಬಂದು ಮುಚ್ಚಿಬಿಡುತ್ತದೆ ಎಂಬ ಭಯ ಕಡಿಮೆ. ಹಳಿಯ ಕೆಲಸ ನಡೆಯುವಾಗ, ಸ್ಟೇಷನ್ನಿನ ಲೂಪ್ ಹಳಿಗೆ ತಿರುಗಿಸಿದಾಗ ಇದು ತಪ್ಪಬಹುದು. ಇನ್ನೊಂದು ಗಾಡಿಗೆ ದಾರಿ ಬಿಡಲು ಬದಿಗೆ ಹಾಕಿಟ್ಟ ಹಳಿಗೆ ಲೂಪ್ ಎನ್ನುತ್ತಾರೆ.

ತಿರುವುಗಳಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹೋಗುವ ಮೊದಲು ಫೋನಿನ ನಕ್ಷೆಯಲ್ಲಿ ಆ ಜಾಗದ ಹಳಿಯ ದಿಕ್ಕನ್ನು ಒಮ್ಮೆ ನೋಡಿ.

3. ಜಾಗ ಹುಡುಕುವುದು, ಕೇಳುವುದು

ಮೊದಲ ಪಾಠಕ್ಕೆ ಸ್ಟೇಷನ್ನೇ ಒಳ್ಳೆಯದು. ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ಗಂಟೆ ನಡೆಯುತ್ತದೆ. ಕುಂಬಳೆ, ಉಪ್ಪಳ, ಕೋಟಿಕುಳಂ, ಬೇಕಲ ಕೋಟೆಯಂಥ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದೆ ಹೋಗುವ ಗಾಡಿಗಳು ಜಾಸ್ತಿ, ಜನ ಕಡಿಮೆ. ಕಾಸರಗೋಡು, ಕಾಞಂಗಾಡುಗಳಲ್ಲಿ ಗಾಡಿ ನಿಲ್ಲುವುದರಿಂದ ಎಂಜಿನ್ನನ್ನು ಬಿಡುವಾಗಿ ನೋಡಬಹುದು.

ಒಳಗೆ ಹೋದ ಕೂಡಲೇ ಸ್ಟೇಷನ್ ಮಾಸ್ಟರ ಬಳಿ ಹೋಗಿ ಹೇಳಿ. "ರೈಲಿನ ಫೋಟೊ ನನ್ನ ಹವ್ಯಾಸ, ಈ ಬದಿಯಲ್ಲಿ ನಿಲ್ಲಬಹುದಾ?" ಅಂತ ಕೇಳಿದರೆ ಮುಗಿಯಿತು. ಕನ್ನಡ, ತುಳು, ಮಲಯಾಳ ಯಾವುದಾದರೂ ಆದೀತು. ಬೇಡ ಎಂದರೆ ವಾದ ಮಾಡಬೇಡಿ, ಇನ್ನೊಂದು ದಿನ ಹೋಗಿ. ಹಣಕ್ಕಾಗಿ ತೆಗೆಯುವ ಚಿತ್ರ, ಮದುವೆ ಫೋಟೊ, ಸಿನಿಮಾ ಇವಕ್ಕೆಲ್ಲ ಬರಹದ ಅನುಮತಿಯೇ ಬೇಕು. ನಮ್ಮ ಜಿಲ್ಲೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಅರ್ಜಿ ಹೋಗಬೇಕಾದದ್ದು ಆ ವಿಭಾಗಕ್ಕೆ. ಸಿಗ್ನಲ್ ಕೋಣೆ, ಯಂತ್ರಗಳಿರುವ ಕೋಣೆ ಇವುಗಳ ಒಳಗೆ ಕ್ಯಾಮೆರಾ ತಿರುಗಿಸಬೇಡಿ. ಚಿತ್ರ ತೆಗೆಯಬಾರದು ಎಂಬ ಫಲಕ ಇದ್ದಲ್ಲಿ ತೆಗೆಯಲೇಬೇಡಿ.

ಸ್ಟೇಷನ್ನಿನಿಂದ ಹೊರಗೆ ಮೂರು ಬಗೆಯ ಜಾಗ ಒಳ್ಳೆಯದು. ಒಂದು, ಹಳಿಗೆ ತಾಗಿದ ಸಾರ್ವಜನಿಕ ರಸ್ತೆ. ಎರಡು, ಹಳಿಯ ಮೇಲೆ ಹಾದುಹೋಗುವ ಸೇತುವೆಯ ಕಾಲುದಾರಿ. ಮೂರು, ಮನೆ ಅಥವಾ ತೋಟದ ಒಳಗಿನ ಜಾಗ. ಮೂರನೆಯದಕ್ಕೆ ಯಜಮಾನರನ್ನು ಕೇಳಿಯೇ ಹೋಗಿ. ನಮ್ಮ ಕಡೆ ತೆಂಗಿನ ತೋಟಗಳು ಹಳಿಯ ಬೇಲಿಯವರೆಗೂ ಬಂದಿವೆ. ಕೇಳಿದರೆ ಬೇಡ ಎನ್ನುವವರು ಕಡಿಮೆ. ತೆಗೆದ ಫೋಟೊ ಒಂದನ್ನು ಅವರಿಗೂ ಕಳಿಸಿ.

ಚಂದ್ರಗಿರಿ ಹೊಳೆ, ಕಾರ್ಯಂಗೋಡು ಹೊಳೆಗಳ ಮೇಲಿನ ರೈಲು ಸೇತುವೆಗಳು ಎಲ್ಲರಿಗೂ ಇಷ್ಟ. ದಡದಿಂದ ತೆಗೆಯಿರಿ. ಸೇತುವೆಯ ಮೇಲೆ ಹೋಗುವ ಯೋಚನೆಯನ್ನೇ ಬಿಟ್ಟುಬಿಡಿ. ಅಲ್ಲಿ ಗಾಡಿ ಬಂದರೆ ಓಡಲು ಜಾಗ ಇರುವುದಿಲ್ಲ.

4. ಹಳಿಯ ಗಡಿ ಮತ್ತು 25,000 ವೋಲ್ಟು

ರೈಲ್ವೆಯ ಜಾಗಕ್ಕೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿ ಗಾಡಿಗಳಿಗೆ ಕಲ್ಲೆಸೆದ ಪ್ರಕರಣಗಳೂ ನಡೆದಿವೆ. ಹಾಗಾಗಿ ಹಳಿ ಬದಿ ಸುಮ್ನೆ ನಿಂತವರನ್ನೂ ರೈಲ್ವೆ ಪೊಲೀಸರು ಪ್ರಶ್ನಿಸುತ್ತಾರೆ. ಗುರುತಿನ ಚೀಟಿ ಜೊತೆಗಿರಲಿ.

ದಂಡಕ್ಕಿಂತ ಜೀವ ದೊಡ್ಡದು. ಎಲೆಕ್ಟ್ರಿಕ್ ಎಂಜಿನ್ ಡೀಸೆಲ್ಲಿನ ಹಾಗೆ ಗುಡುಗಿಕೊಂಡು ಬರುವುದಿಲ್ಲ. ಕಡಲ ಗಾಳಿ ಬೀಸುವ ಸಂಜೆಯಲ್ಲಂತೂ ಅದು ಹತ್ತಿರ ಬರುವ ತನಕ ಸದ್ದೇ ಕೇಳಿಸುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇಡ. ಒಂದು ಗಾಡಿ ಹಾದುಹೋಯಿತೆಂದು ಮುಂದೆ ಹೆಜ್ಜೆ ಇಡಬೇಡಿ. ಅದೇ ಸದ್ದಿನ ಮರೆಯಲ್ಲಿ ಇನ್ನೊಂದು ಹಳಿಯಲ್ಲಿ ಎದುರಿನಿಂದ ಮತ್ತೊಂದು ಬರುತ್ತಿರಬಹುದು. ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆಯ ಹಿಂದೆ ನಿಲ್ಲಿ. ನಿಲ್ಲದೆ ಹೋಗುವ ಗಾಡಿ ಬಂದಾಗ ಇನ್ನೂ ಎರಡು ಹೆಜ್ಜೆ ಹಿಂದೆ ಹೋಗಿ.

ಈಗ ತಂತಿ. ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ ಒಂದು ತಾಮ್ರದ ತಂತಿ ಓಡುತ್ತದೆ. ಎಂಜಿನ್ನಿನ ತಲೆಯ ಮೇಲಿರುವ, ಮಡಚಿ ಏರಿಸುವ ಚೌಕಟ್ಟು ಈ ತಂತಿಗೆ ಒರಗಿ ಕರೆಂಟ್ ಎಳೆದುಕೊಳ್ಳುತ್ತದೆ. ಅದರ ಹೆಸರು ಪ್ಯಾಂಟೋಗ್ರಾಫ್. ತಾಮ್ರದ ತಂತಿ ಜೋಲದಂತೆ ಅದನ್ನು ಮೇಲಿನಿಂದ ತೂಗಿ ಹಿಡಿಯುವ ಇನ್ನೊಂದು ತಂತಿಗೆ ಕ್ಯಾಟನರಿ ಎನ್ನುತ್ತಾರೆ. ಇಡೀ ವ್ಯವಸ್ಥೆಯನ್ನು ರೈಲ್ವೆಯವರು ಓಎಚ್ಇ ಎಂದು ಕರೆಯುತ್ತಾರೆ.

25,000 ವೋಲ್ಟು ಇರುವಲ್ಲಿ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರಾ ಹತ್ತಿರ ಹೋದರೂ ಕರೆಂಟ್ ಗಾಳಿಯಲ್ಲೇ ಹಾರಿ ಹೊಡೆಯುತ್ತದೆ. ಎರಡು ಮೀಟರ್ ದೂರ ಯಾವತ್ತೂ ಇರಲೇಬೇಕು. ಎತ್ತಿ ಹಿಡಿದ ಸೆಲ್ಫಿ ಕೋಲು, ಅಲ್ಯುಮಿನಿಯಂ ಏಣಿ, ಒದ್ದೆ ಕೊಡೆ ಎಲ್ಲವೂ ಅಪಾಯವೇ. ತೋಟದವರಿಗೂ ಇದನ್ನೇ ಹೇಳಿ: ಹಳಿ ಬದಿಯ ಮರದಿಂದ ಕಾಯಿ ಕೀಳುವ ಉದ್ದ ದೋಟಿ ಹಸಿಯಾಗಿದ್ದರೆ ಕರೆಂಟ್ ಹರಿಯುತ್ತದೆ. ಮೇಲ್ಸೇತುವೆಯಲ್ಲಿ ತಂತಿಯ ಮೇಲ್ಭಾಗಕ್ಕೆ ಜಾಲರಿ ಹಾಕಿರುತ್ತಾರೆ. ಅದರ ತೂತಿನಿಂದ ಫೋನ್ ಹೊರಗೆ ಚಾಚಬೇಡಿ. ನಿಂತ ಗೂಡ್ಸಿನ ಮೇಲೆ ಹತ್ತಿ ಸುಟ್ಟುಹೋದ ಹುಡುಗರ ಸುದ್ದಿ ಪ್ರತಿ ವರ್ಷವೂ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ದಯವಿಟ್ಟು ಹತ್ತಬೇಡಿ.

ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ತಂತಿ ಹರಿದು ನೆಲಕ್ಕೆ ತಾಗಿದ್ದನ್ನು ಕಂಡರೆ ಅದರಲ್ಲಿ ಕರೆಂಟ್ ಇದೆ ಎಂದೇ ತಿಳಿಯಿರಿ. ದೂರ ಸರಿದು 139ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಗೇಟಿನವರಿಗೆ ಹೇಳಿ. ಪ್ರತಿ ಕಂಬದ ಮೇಲೂ ಕಿಲೋಮೀಟರ್ ಮತ್ತು ಕ್ರಮಸಂಖ್ಯೆ ಬರೆದ ಸಣ್ಣ ಫಲಕ ಇರುತ್ತದೆ. ಅದನ್ನು ದೂರದಿಂದಲೇ ಓದಿ ಹೇಳಿದರೆ ಅವರಿಗೆ ಜಾಗ ಸರಿಯಾಗಿ ಗೊತ್ತಾಗುತ್ತದೆ.

5. ಯಾವ ಗಾಡಿ, ಯಾವಾಗ

ಗಾಡಿ ಎಲ್ಲಿದೆ ಎಂದು ತಿಳಿಯಲು ರೈಲ್ವೆಯದೇ ಎನ್‌ಟಿಇಎಸ್ ಆ್ಯಪ್ ನೋಡಿ. ಹಿಂದಿನ ಸ್ಟೇಷನ್ ಬಿಟ್ಟ ಹೊತ್ತನ್ನು ನೋಡಿ ಲೆಕ್ಕ ಹಾಕಿಕೊಳ್ಳಿ. ಗೂಡ್ಸ್ ಗಾಡಿಗಳು ಇದರಲ್ಲಿ ಕಾಣುವುದಿಲ್ಲ. ಅವಕ್ಕೆ ಕಾಯುವುದೊಂದೇ ದಾರಿ.

ಹೆಚ್ಚಿನವರು ಎಡವುವುದು ಮಳೆಗಾಲದಲ್ಲಿ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ವೇಗ ಕಡಿಮೆ ಮಾಡಿ ಬೇರೆ ವೇಳಾಪಟ್ಟಿ ತರುತ್ತಾರೆ. ನೇತ್ರಾವತಿ, ಮಂಗಳಾ ಲಕ್ಷದ್ವೀಪದಂಥ ಗಾಡಿಗಳ ಹೊತ್ತು ನಮ್ಮಲ್ಲೂ ಬದಲಾಗುತ್ತದೆ. ಮಲಬಾರ್, ಮಾವೇಲಿ, ಪರಶುರಾಮ್‌ನಂತೆ ಮಂಗಳೂರಿನಲ್ಲೇ ಹುಟ್ಟಿ ಮುಗಿಯುವ ಗಾಡಿಗಳಿಗೆ ಆ ತೊಂದರೆ ಇಲ್ಲ.

ವಂದೇ ಭಾರತ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ತಿರುವನಂತಪುರ–ಕಾಸರಗೋಡು ನಡುವಿನ ಮೊದಲನೆಯದು 2023ರ ಏಪ್ರಿಲ್ 25ರಂದು ಶುರುವಾಯಿತು. ದೇಶದ ಮೊದಲ ಕೇಸರಿ ಬಣ್ಣದ ವಂದೇ ಭಾರತ್ ಹೊರಟದ್ದೂ ನಮ್ಮ ಕಾಸರಗೋಡಿನಿಂದಲೇ, ಅದೇ ವರ್ಷ ಸೆಪ್ಟೆಂಬರ್ 24ರಂದು. ಹೆಮ್ಮೆಯ ವಿಷಯ ಅಲ್ವಾ? ಇದರ ಮೂತಿಯ ಮೇಲೆ ಪ್ಯಾಂಟೋಗ್ರಾಫ್ ಇಲ್ಲ, ಹಿಂದಿನ ಡಬ್ಬಿಗಳ ಮೇಲಿರುತ್ತದೆ. ಹಾಗಾಗಿ ಮೂತಿಯೊಂದನ್ನೇ ಬಿಗಿಯಾಗಿ ತೆಗೆದರೂ ಚಿತ್ರ ಪೂರ್ಣವಾಗಿ ಕಾಣುತ್ತದೆ.

6. ಸೆಟ್ಟಿಂಗ್

ಶಟರ್ ವೇಗ ಅಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು. ಗಂಟೆಗೆ 110 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 30 ಮೀಟರ್ ದಾಟುತ್ತದೆ. 1/250 ಸೆಕೆಂಡಿನಲ್ಲಿ ತೆಗೆದರೆ ಆ ಹೊತ್ತಿನಲ್ಲೇ 12 ಸೆಂಟಿಮೀಟರ್ ಸರಿದಿರುತ್ತದೆ. ಎಂಜಿನ್ನಿನ ನಂಬರ್ ಮಸುಕಾಗಲು ಅಷ್ಟು ಸಾಕು. 1/1000 ಇಟ್ಟರೆ 3 ಸೆಂಟಿಮೀಟರ್. ಓಡುವ ಗಾಡಿಗೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ.

ಐಎಸ್ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಳತೆ. ಅದನ್ನು ಆಟೊದಲ್ಲಿ ಬಿಡಿ. ಒಂದು ಎಚ್ಚರ ಮಾತ್ರ. ಹಿಂದೆ ಕಡು ಹಸಿರು ತೆಂಗಿನ ತೋಟ, ಮುಂದೆ ಬಿಳಿ ಬಣ್ಣದ ಎಂಜಿನ್ ಇದ್ದರೆ ಕ್ಯಾಮೆರಾ ಮೋಸಹೋಗುತ್ತದೆ. ಕತ್ತಲಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಎಂಜಿನ್ ಬೆಳ್ಳಗೆ ತೊಳೆದುಹೋಗುತ್ತದೆ. ಎಕ್ಸ್‌ಪೋಷರ್ ಗುಂಡಿಯಲ್ಲಿ ಮೈನಸ್ ಕಡೆ ಒಂದೆರಡು ಹೆಜ್ಜೆ ಇಳಿಸಿ. ನಮ್ಮ ಮಾರ್ಗದಲ್ಲಿ ಹೆಚ್ಚು ಕಾಣುವ ಡಬ್ಲ್ಯುಎಪಿ-7 ಎಂಜಿನ್ನಿಗೂ ಬಿಳಿ ವಂದೇ ಭಾರತಿಗೂ ಇದು ಬೇಕೇ ಬೇಕು. ಆ ಅಕ್ಷರಗಳ ಅರ್ಥ ಇಷ್ಟೇ: ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಎ ಅಂದರೆ ಎಸಿ ಕರೆಂಟ್, ಪಿ ಅಂದರೆ ಪ್ರಯಾಣಿಕರ ಗಾಡಿ. ಪಿ ಬದಲು ಜಿ ಇದ್ದರೆ ಗೂಡ್ಸು.

ಫೋನಿನವರು ಎಚ್‌ಡಿಆರ್ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ, ಓಡುವ ಗಾಡಿ ಅದರಿಂದ ಎರಡೆರಡಾಗಿ ನೆರಳಿನಂತೆ ಮೂಡಬಹುದು. ಬೆರಳಿನಿಂದ ಎಳೆಯುವ ಡಿಜಿಟಲ್ ಜೂಮ್ ಬೇಡ. ಗಾಡಿ ಬರುವ ಮೊದಲೇ ಹಳಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಹೆಡ್‌ಲೈಟ್ ಕಂಡ ಕೂಡಲೇ ಇಡೀ ಚಿತ್ರ ಕಪ್ಪಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾದವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ. ಇಲ್ಲದಿದ್ದರೆ ನೆಟ್ಟಗಿರುವ ಡಬ್ಬಿ ವಾಲಿದಂತೆ ಬರುತ್ತದೆ.

ಫ್ಲ್ಯಾಶ್ ಯಾವ ಕಾರಣಕ್ಕೂ ಬೇಡ. ಅದು ಲೋಕೊ ಪೈಲಟ್, ಅಂದರೆ ಎಂಜಿನ್ ಓಡಿಸುವವರ ಕಣ್ಣಿಗೆ ಹೊಡೆಯುತ್ತದೆ. ಸಿಗ್ನಲ್ ನೋಡುತ್ತಿರುವವರ ಕಣ್ಣದು.

7. ಕಂಬ ದಾಟುವ ಕ್ಷಣ

ಜೋಡಿ ಹಳಿಯಲ್ಲಿ ಸಾಮಾನ್ಯವಾಗಿ ಎರಡೂ ಹೊರಬದಿಯಲ್ಲಿ ಕಂಬಗಳ ಸಾಲು ಇರುತ್ತದೆ. ರೈಲಿನವರು ಇವನ್ನು ಮಾಸ್ಟ್ ಎನ್ನುತ್ತಾರೆ. ಹಳಿಯ ನಡುವಿನಿಂದ ಎರಡೂವರೆ ಮೀಟರಿಗಿಂತ ಸ್ವಲ್ಪ ಆಚೆ ನೆಟ್ಟಿರುತ್ತಾರೆ. ನೀವು ಯಾವ ಬದಿ ನಿಂತರೂ ನಿಮ್ಮ ಮತ್ತು ಗಾಡಿಯ ನಡುವೆ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ತಪ್ಪಿಸಲಾಗದು, ಆದರೆ ಎಲ್ಲಿ ಬರಬೇಕೆಂದು ನೀವೇ ಹೇಳಬಹುದು.

ಖಾಲಿ ಹಳಿಯನ್ನು ಮೊದಲು ಚೌಕಟ್ಟಿನೊಳಗೆ ಕೂರಿಸಿ. ನಿಮಗೆ ಹತ್ತಿರದ ಎರಡು ಕಂಬಗಳನ್ನು ಗುರುತಿಸಿ. ಅವುಗಳ ನಡುವಿನ ಖಾಲಿ ಜಾಗದಲ್ಲಿ ಇಡೀ ಎಂಜಿನ್ ಹಿಡಿಸುತ್ತದೆಯೇ ನೋಡಿ. ಎಂಜಿನ್ ಸುಮಾರು 20 ಮೀಟರ್ ಉದ್ದ. ಕಂಬಗಳ ಅಂತರ ನೇರ ಹಳಿಯಲ್ಲಿ ಹೆಚ್ಚೆಂದರೆ 72 ಮೀಟರ್, ತಿರುವಿನಲ್ಲಿ ಇನ್ನೂ ಕಡಿಮೆ. ತುಂಬಾ ಓರೆಯಾಗಿ ನೋಡಿದರೆ ಕಂಬಗಳು ಒಂದರ ಮೇಲೊಂದು ಬಂದು ಬೇಲಿ ಕಟ್ಟಿದಂತಾಗುತ್ತದೆ. ಉದ್ದ ಜೂಮಿನ ತೊಂದರೆ ಇದೇ. 200 ಎಂಎಂನಲ್ಲಿ ಎಲ್ಲ ಕಂಬಗಳೂ ಒತ್ತಿಕೊಂಡು ನಿಲ್ಲುತ್ತವೆ. ಬದಿಯಿಂದ ತೆಗೆಯುವಾಗ 35ರಿಂದ 70 ಎಂಎಂ ನಡುವೆ ಇರಿ. ಉದ್ದ ಜೂಮನ್ನು ಮೇಲ್ಸೇತುವೆಯಿಂದ ನೇರ ಮುಂದೆ ನೋಡುವಾಗ ಬಳಸಿ. ಅಲ್ಲಿ ಅದೇ ಒತ್ತಿದ ಕಂಬಗಳು ಸಾಲು ಕಮಾನಿನಂತೆ ಚೆಂದ ಕಾಣುತ್ತವೆ.

ಒತ್ತುವ ಕ್ಷಣ ಯಾವುದು? ಎಂಜಿನ್ನಿನ ಮುಖ ದೂರದ ಕಂಬವನ್ನು ದಾಟಿ, ಹತ್ತಿರದ ಕಂಬವನ್ನು ತಲುಪುವ ಮೊದಲು. 110ರ ವೇಗದಲ್ಲಿ 72 ಮೀಟರ್ ದಾಟಲು ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಬರ್ಸ್ಟ್, ಅಂದರೆ ಗುಂಡಿ ಒತ್ತಿ ಹಿಡಿದರೆ ಒಂದರ ಹಿಂದೊಂದು ಚಿತ್ರ ತೆಗೆಯುವ ವಿಧಾನ, ಇಲ್ಲಿ ಕೈಹಿಡಿಯುತ್ತದೆ. ಆದರೆ ದೂರದಲ್ಲಿ ಗಾಡಿ ಕಂಡ ಕೂಡಲೇ ಒತ್ತಲು ಶುರು ಮಾಡಬೇಡಿ. ಬೇಕಾದ ಕ್ಷಣ ಬರುವಾಗ ಕ್ಯಾಮೆರಾದ ಬಫರ್, ಅಂದರೆ ತೆಗೆದ ಚಿತ್ರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ, ತುಂಬಿ ಅದು ನಿಂತುಬಿಡುತ್ತದೆ.

ಮೇಲೆ ಜಾಗ ಬಿಡಿ. ಎಂಜಿನ್ನಿನಲ್ಲಿ ಎರಡು ಪ್ಯಾಂಟೋಗ್ರಾಫ್ ಇರುತ್ತವೆ, ಸಾಮಾನ್ಯವಾಗಿ ಹಿಂದಿನದನ್ನು ಏರಿಸಿರುತ್ತಾರೆ. ಅದು ತಂತಿಗೆ ತಾಗುವ ಜಾಗ ಚಿತ್ರದೊಳಗೆ ಇರಲೇಬೇಕು. ತಲೆ ಕತ್ತರಿಸಿದ ಪ್ಯಾಂಟೋಗ್ರಾಫ್ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಎಲೆಕ್ಟ್ರಿಕ್ ಗಾಡಿಯ ಜೀವ ಇರುವುದೇ ಅಲ್ಲಿ.

8. ಮನೆಗೆ ಬಂದ ಮೇಲೆ

ಅದೇ ದಿನ ಪ್ರತಿ ಚಿತ್ರಕ್ಕೂ ಗಾಡಿಯ ಹೆಸರು, ಎಂಜಿನ್ ನಂಬರ್, ಜಾಗ, ದಿಕ್ಕು, ತಾರೀಕು ಬರೆದಿಡಿ. ಎಂಜಿನ್ನಿನ ಬದಿಯಲ್ಲಿ ಅದರ ಶೆಡ್ಡಿನ ಹೆಸರೂ ಇರುತ್ತದೆ. ಈರೋಡ್, ರಾಯಪುರಂ ಎಂದೆಲ್ಲ ಓದಬಹುದು. ಶೆಡ್ ಅಂದರೆ ಆ ಎಂಜಿನ್ನಿನ ರಿಪೇರಿ, ಆರೈಕೆ ನಡೆಯುವ ಮನೆ. ಇಷ್ಟು ವಿವರ ಇಲ್ಲದ ಫೋಟೊ ಹತ್ತು ವರ್ಷದ ನಂತರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಡೀಸೆಲ್ ಕಾಲದ ಎಷ್ಟೋ ಒಳ್ಳೆಯ ಚಿತ್ರಗಳ ಗತಿ ಹಾಗೇ ಆಗಿದೆ.

ಕಡಲ ಬದಿ ನಿಂತು ಬಂದಿದ್ದರೆ ಲೆನ್ಸಿನ ಮೇಲೆ ಉಪ್ಪಿನ ಪಸೆ ಕೂತಿರುತ್ತದೆ. ಒಣ ಬಟ್ಟೆಯಿಂದ ಹಾಗೆಯೇ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಲೆನ್ಸ್ ದ್ರಾವಣದಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಜೂನಿನಿಂದ ಸೆಪ್ಟೆಂಬರ್ ವರೆಗೆ ಕ್ಯಾಮೆರಾವನ್ನು ಅದರ ಚೀಲದಲ್ಲಿ ಇಡಬೇಡಿ. ಚೀಲದ ಬಟ್ಟೆ ತೇವ ಹಿಡಿದು ಲೆನ್ಸಿನ ಒಳಗೆ ಫಂಗಸ್ ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹರಳಿನ ಜೊತೆ ಇಡಿ. ಬಣ್ಣ ಬದಲಿಸುವ ಹರಳು ಕೊಂಡರೆ ಅದು ತೇವ ಕುಡಿದದ್ದು ಕಣ್ಣಿಗೇ ಕಾಣುತ್ತದೆ. ಬಣ್ಣ ತಿರುಗಿದ ಕೂಡಲೇ ಹರಳನ್ನು ಬಿಸಿ ಮಾಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಕ್ಕೆ ಹಾಕಿ.